ಗೆಳೆಯನಿಗೊಂದು ಪತ್ರ: ಇನ್ನೊಮ್ಮೆ ನೋಡುವುದೆಂದರೆ

ಪ್ರೀತಿಯ ಗೆಳೆಯ,

ನಿನ್ನ ಕಚೇರಿಗೆ ಹೊಸದಾಗಿ ಬಂದವರ ಬಗ್ಗೆ ನೀನು ಬರೆದಿದ್ದ ನಾಲ್ಕು ಸಾಲುಗಳನ್ನು ಓದಿದಂದಿನಿಂದ ನನ್ನ ತಲೆಯಲ್ಲಿ ಅದೇ ಓಡುತ್ತಿದೆ. ಮೊದಲ ಭೇಟಿಯಲ್ಲಿ ಅವರು ನಿನಗೆ ಹಿಡಿಸಲಿಲ್ಲ, ಮಾತಿನಲ್ಲಿ ಬಿಗುವಿತ್ತು, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರು. ಆದರೂ ಒಂದೇ ಭೇಟಿಯಲ್ಲಿ ಒಬ್ಬರನ್ನು ಅಳೆದುಬಿಡುವುದು ನ್ಯಾಯವೇ, ಇನ್ನೊಮ್ಮೆ ನೋಡಬೇಕೇ ಎಂದು ಕೇಳಿದ್ದೀಯ. ಖಂಡಿತ ನೋಡಬೇಕು ಎಂದು ಒಂದೇ ಸಾಲಿನಲ್ಲಿ ಉತ್ತರಿಸಿ ಮುಗಿಸಬಹುದಿತ್ತು. ಆದರೆ ಇನ್ನೊಮ್ಮೆ ನೋಡುವುದು ಎಂದರೇನು ಎಂಬಲ್ಲಿಗೆ ಬಂದು ನನ್ನ ಲೇಖನಿ ನಿಂತಿತು. ಈ ಪ್ರಶ್ನೆ ನಿನ್ನೊಬ್ಬನದಲ್ಲ ಎನ್ನಿಸಿದ್ದರಿಂದ ಉತ್ತರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಹೆದರಬೇಡ, ನಿನ್ನ ಗುಟ್ಟುಗಳೆಲ್ಲ ನನ್ನಲ್ಲಿ ಭದ್ರವಾಗಿವೆ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಪ್ರಮಾಣಿಸುವುದು ಹೇಗೆ ಎಂಬುದನ್ನು ಮಾತ್ರ ನಮಗೇ ಬಿಟ್ಟಿದ್ದಾರೆ. ಹೆಚ್ಚು ಹೊತ್ತು ನೋಡಿದರೆ ಸತ್ಯ ತಾನಾಗಿಯೇ ಹೊರಬರುತ್ತದೆ ಎಂದು ನಾವು ನಂಬಿರುತ್ತೇವೆ. 2006ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜನೈನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ ಪ್ರಕಟಿಸಿದ ಪ್ರಯೋಗಗಳ ಬಗ್ಗೆ ಓದಿದ ಮೇಲೆ ಆ ನಂಬಿಕೆಯನ್ನು ಇಟ್ಟುಕೊಳ್ಳುವುದು ಕಷ್ಟ. ಅವರು ಅಪರಿಚಿತರ ಮುಖಗಳನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ಮಾತ್ರ ತೋರಿಸಿ, ಈ ವ್ಯಕ್ತಿ ನಂಬಿಕೆಗೆ ಅರ್ಹರೇ, ಸಮರ್ಥರೇ, ಇಷ್ಟವಾಗುವಂಥವರೇ ಎಂದು ಕೇಳಿದರು. ಬಂದ ಉತ್ತರಗಳು, ಕಾಲದ ಮಿತಿಯಿಲ್ಲದೆ ಅದೇ ಮುಖಗಳನ್ನು ನೋಡಿದವರ ಉತ್ತರಗಳಿಗೆ ಬಹುಮಟ್ಟಿಗೆ ಹೊಂದಿಕೊಂಡವು. ನೋಡುವ ಅವಧಿಯನ್ನು ಅರ್ಧ ಸೆಕೆಂಡಿಗೆ, ಆಮೇಲೆ ಒಂದು ಸೆಕೆಂಡಿಗೆ ಏರಿಸಿದಾಗಲೂ ಅಭಿಪ್ರಾಯಗಳು ಹೆಚ್ಚೇನೂ ಬದಲಾಗಲಿಲ್ಲ. ಆ ಅಭಿಪ್ರಾಯದ ಮೇಲಿನ ಭರವಸೆ ಮಾತ್ರ ಹೆಚ್ಚಾಯಿತು. ನನ್ನನ್ನು ಕಲಕಿದ್ದು ಈ ಕೊನೆಯ ಸಂಗತಿ. ನಾವು ಎಷ್ಟೋ ಸಲ ಮತ್ತೆ ನೋಡುತ್ತಿದ್ದೇವೆ ಎಂದುಕೊಂಡು ಮಾಡುವುದು ಇಷ್ಟೇ ಇರಬಹುದು: ಮೊದಲು ಕೊಟ್ಟ ತೀರ್ಪಿಗೆ ಸಾಕ್ಷಿಗಳನ್ನು ಕೂಡಿಸುವುದು.

ಸಾಕ್ಷಿಗಳು ಸಿಕ್ಕೇ ಸಿಗುತ್ತವೆ, ಏಕೆಂದರೆ ಮೊದಲು ಮನಸ್ಸಿಗೆ ಬಂದದ್ದು ಆಮೇಲೆ ಬರುವುದಕ್ಕೆಲ್ಲ ಬಣ್ಣ ಬಳಿಯುತ್ತದೆ. ಮನಶ್ಶಾಸ್ತ್ರಜ್ಞ ಸೊಲೊಮನ್ ಆಶ್ 1946ರಲ್ಲಿ ಇದನ್ನು ಬಹಳ ಸರಳವಾಗಿ ತೋರಿಸಿದರು. ಒಂದು ಗುಂಪಿಗೆ ಒಬ್ಬ ವ್ಯಕ್ತಿಯನ್ನು ಬುದ್ಧಿವಂತ, ಶ್ರಮಜೀವಿ, ದುಡುಕಿನವ, ಟೀಕಿಸುವವ, ಹಟಮಾರಿ, ಅಸೂಯೆಯವ ಎಂಬ ಕ್ರಮದಲ್ಲಿ ಪರಿಚಯಿಸಿದರು. ಇನ್ನೊಂದು ಗುಂಪಿಗೆ ಇದೇ ಆರು ಗುಣಗಳನ್ನು ತಿರುವುಮುರುವಾಗಿ ಓದಿ ಹೇಳಿದರು. ಮೊದಲ ಗುಂಪಿಗೆ ಕಂಡದ್ದು ಕೆಲವು ಕುಂದುಗಳಿರುವ ಸಮರ್ಥ ಮನುಷ್ಯ. ಎರಡನೆಯ ಗುಂಪಿಗೆ ಕಂಡದ್ದು ತನ್ನ ದೋಷಗಳಿಂದಾಗಿ ಸಾಮರ್ಥ್ಯವೇ ಮುಚ್ಚಿಹೋದ ಮನುಷ್ಯ. ಗುಣಗಳು ಅವೇ, ಮನುಷ್ಯ ಬೇರೆ. ಹಾಗಿದ್ದ ಮೇಲೆ, ನಿನ್ನ ಹೊಸ ಸಹೋದ್ಯೋಗಿಯ ಬಿಗುವನ್ನು ನೀನು ಮೊದಲು ಕಂಡೆ ಎಂಬ ಒಂದೇ ಕಾರಣಕ್ಕೆ, ನಾಳೆ ಅವರು ತೋರಿಸುವ ಶ್ರದ್ಧೆಯೂ ನಿನಗೆ ಬಿಗುವಿನ ಇನ್ನೊಂದು ರೂಪವಾಗಿ ಕಾಣಬಹುದಲ್ಲವೇ?

ಈ ವಿಷಯದಲ್ಲಿ ನನಗೆ ಬಹಳ ಕಲಿಸಿದ್ದು ಒಂದು ಚಿತ್ರ. ಡಚ್ ಕಲಾವಿದ ಯೊಹಾನೆಸ್ ವರ್ಮೀರ್ 17ನೇ ಶತಮಾನದ ಮಧ್ಯಭಾಗದಲ್ಲಿ ಬರೆದ, ತೆರೆದ ಕಿಟಕಿಯ ಬಳಿ ಪತ್ರ ಓದುತ್ತಿರುವ ಯುವತಿಯ ಚಿತ್ರ ಅದು. ಈಗ ಜರ್ಮನಿಯ ಡ್ರೆಸ್ಡೆನ್ ನಗರದ ಕಲಾಸಂಗ್ರಹದಲ್ಲಿದೆ. 1742ರಲ್ಲಿ ಅದನ್ನು ಸ್ಯಾಕ್ಸನಿಯ ಅರಸನಿಗಾಗಿ ಕೊಂಡಾಗ ಅದು ಇನ್ನೊಬ್ಬ ಡಚ್ ಕಲಾವಿದ ರೆಂಬ್ರಾಂಟನ ಕೃತಿಯೆಂದೇ ನಂಬಿದ್ದರು. ಅದು ವರ್ಮೀರನದು ಎಂದು ಗುರುತಾದದ್ದು 19ನೇ ಶತಮಾನದಲ್ಲಿ. ಚಿತ್ರವನ್ನು ಹತ್ತಿರದಿಂದ ನೋಡು: ಹುಡುಗಿಯ ಮುಖ ಕಿಟಕಿಯ ಗಾಜಿನಲ್ಲಿ ಮಸುಕಾಗಿ ಇನ್ನೊಮ್ಮೆ ಮೂಡಿದೆ, ಎದುರಿನ ಮೇಜಿನ ಮೇಲೆ ಸುಕ್ಕಾದ ದಪ್ಪ ಹಾಸು, ಅದರ ಮೇಲೆ ಓರೆಯಾದ ಹಣ್ಣಿನ ತಟ್ಟೆ, ಬಲಗಡೆ ಸರಿಸಿದ ಹಸಿರು ಪರದೆ. ಅವಳ ಹಿಂದೆ ಬಹಳ ಕಾಲ ಕಂಡದ್ದು ಬರಿಯ ಖಾಲಿ ಗೋಡೆ. ಆ ಖಾಲಿ ಗೋಡೆಯನ್ನು ವರ್ಮೀರನ ಮೌನಕ್ಕೆ, ಸಂಯಮಕ್ಕೆ ಉದಾಹರಣೆಯಾಗಿ ಎಷ್ಟೋ ಜನ ಮೆಚ್ಚಿದರು.

1979ರಲ್ಲಿ ಎಕ್ಸ್‌-ರೇ ಹಾಯಿಸಿ ನೋಡಿದಾಗ ಆ ಗೋಡೆ ಖಾಲಿಯಲ್ಲ ಎಂದು ತಿಳಿಯಿತು. ಬಣ್ಣದ ಅಡಿಯಲ್ಲಿ ಕ್ಯುಪಿಡ್, ಪಾಶ್ಚಾತ್ಯರ ಮನ್ಮಥ, ನಿಂತಿದ್ದ. ಇನ್ನೊಮ್ಮೆ ನೋಡಿದ್ದಾಯಿತು, ಹೊಸ ಸಂಗತಿಯೂ ಸಿಕ್ಕಿತು. ಆದರೆ ಅದರಿಂದ ತೆಗೆದ ತೀರ್ಮಾನವೇನು ಗೊತ್ತೇ? ವರ್ಮೀರನೇ ಮನಸ್ಸು ಬದಲಿಸಿ ಅದನ್ನು ಅಳಿಸಿರಬೇಕು ಎಂಬುದು. ಖಾಲಿ ಗೋಡೆಯ ಮೇಲಿನ ಮೆಚ್ಚುಗೆ ಎಷ್ಟು ಗಟ್ಟಿಯಾಗಿತ್ತೆಂದರೆ, ಹೊಸದಾಗಿ ಸಿಕ್ಕ ಸಂಗತಿಯೂ ಅದರ ಸೇವೆಗೇ ನಿಂತಿತು. 2017ರಲ್ಲಿ ಆರಂಭವಾದ ಸಂರಕ್ಷಣಾ ಕಾರ್ಯದಲ್ಲಿ ಬಣ್ಣದ ಪದರಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಮನ್ಮಥನಿಗೂ ಅವನ ಮೇಲೆ ಬಳಿದ ಬಣ್ಣಕ್ಕೂ ನಡುವೆ ಹಳೆಯ ವಾರ್ನಿಷ್ ಮತ್ತು ಕೊಳೆಯ ಪದರವಿತ್ತು. ಅಷ್ಟು ಕೊಳೆ ಕೂರಲು ದಶಕಗಳೇ ಬೇಕು. ವರ್ಮೀರ್ ತೀರಿಕೊಂಡದ್ದು 1675ರಲ್ಲಿ. ಅಂದರೆ ಅಳಿಸಿದ್ದು ಬೇರೊಬ್ಬರ ಕೈ. ಸೂಕ್ಷ್ಮದರ್ಶಕದಡಿ ಸಣ್ಣ ಅಲಗಿನಿಂದ ಆ ಬಣ್ಣವನ್ನು ಚೂರುಚೂರಾಗಿ ಕೆರೆದು ತೆಗೆದು, 2021ರ ಸೆಪ್ಟೆಂಬರಿನಲ್ಲಿ ಚಿತ್ರವನ್ನು ಮತ್ತೆ ಪ್ರದರ್ಶನಕ್ಕಿಟ್ಟರು. ಈಗ ಮನ್ಮಥ ಕಪಟದ ಮುಖವಾಡಗಳನ್ನು ತುಳಿದು ನಿಂತಿದ್ದಾನೆ, ಹುಡುಗಿಯ ಕೈಯಲ್ಲಿರುವುದು ಪ್ರೇಮಪತ್ರವೆಂಬುದಕ್ಕೆ ಅವನೇ ಸಾಕ್ಷಿ. ನನಗೆ ಆ ಖಾಲಿ ಗೋಡೆಯ ಚಿತ್ರ ಇಂದಿಗೂ ಹೆಚ್ಚು ಇಷ್ಟ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನನಗೆ ಇಷ್ಟವಾಗಿದ್ದು ವರ್ಮೀರ್ ಬರೆದದ್ದಲ್ಲ ಎಂಬುದನ್ನು ಒಪ್ಪಿಕೊಂಡೇ ಇಷ್ಟಪಡಬೇಕಾಗಿದೆ.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ತೋರುವುದು, ಎರಡನೆಯ ನೋಟವೇ ಸಾಲದಾಯಿತು ಎಂಬುದು. ನೋಡುವ ಬಗೆ ಬದಲಾಗಬೇಕಿತ್ತು, ಕೇಳುವ ಪ್ರಶ್ನೆಯೂ ಬದಲಾಗಬೇಕಿತ್ತು. ಮಂಗಳ ಗ್ರಹದಲ್ಲಿ 1976ರಲ್ಲಿ ವೈಕಿಂಗ್ 1 ನೌಕೆ ಸೆರೆಹಿಡಿದ ‘ಮುಖ’ವನ್ನು ನೆನಪಿಸಿಕೋ. ಓರೆಬಿಸಿಲಿನ ನೆರಳು ಒಂದು ಗುಡ್ಡಕ್ಕೆ ಕಣ್ಣು ಬಾಯಿ ಕೊಟ್ಟಿತ್ತು. ಆ ಚಿತ್ರವನ್ನೇ ದಿಟ್ಟಿಸುತ್ತ ಕೂತಿದ್ದರೆ ಮುಖ ಇನ್ನಷ್ಟು ಸ್ಪಷ್ಟವಾಗುತ್ತಿತ್ತೇ ಹೊರತು ಮಾಯವಾಗುತ್ತಿರಲಿಲ್ಲ. ಮುಖ ಕರಗಿ ಗುಡ್ಡ ಕಂಡದ್ದು ಬೇರೆ ಬೆಳಕಿನಲ್ಲಿ, ಬೇರೆ ಕ್ಯಾಮರಾದಿಂದ ಮತ್ತೆ ತೆಗೆದಾಗ: ಮೊದಲ ಚಿತ್ರದ ಒಂದು ಚುಕ್ಕೆಗೆ ನೆಲದ ಮೇಲಿನ 43 ಮೀಟರ್ ಸೇರಿದ್ದರೆ, 2001ರ ಚಿತ್ರದಲ್ಲಿ ಅದು 1.56 ಮೀಟರಿಗೆ ಇಳಿದಿತ್ತು.

ಗುಡ್ಡ ಕಾಯುತ್ತದೆ, ಚಿತ್ರವೂ ಕಾಯುತ್ತದೆ. ಮನುಷ್ಯರು ಹಾಗಲ್ಲ. ನೀನು ಅವರನ್ನು ಬಿಗುಮಾನದವರೆಂದು ತಿಳಿದು ಒಂದು ಹೆಜ್ಜೆ ಹಿಂದೆ ಸರಿದರೆ, ಅದು ಅವರಿಗೂ ಕಾಣುತ್ತದೆ. ಅವರೂ ಒಂದು ಹೆಜ್ಜೆ ಸರಿಯುತ್ತಾರೆ. ಆಗ ನಿನ್ನ ಮೊದಲ ಅಭಿಪ್ರಾಯ ನಿಜವಾಗಿಬಿಡುತ್ತದೆ, ಅದನ್ನು ನಿಜ ಮಾಡಿದ್ದು ನೀನೇ ಎಂದು ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ದೂರದಿಂದ ಗಮನಿಸುತ್ತಾ ಕೂರಬೇಡ. ಅವರಿಗೆ ಚೆನ್ನಾಗಿ ಗೊತ್ತಿರುವ ಕೆಲಸವೊಂದರಲ್ಲಿ ಅವರ ನೆರವು ಕೇಳು. ಸಭೆಯ ಹೊರಗೆ, ಬೇರೆ ಹೊತ್ತಿನಲ್ಲಿ, ಅವರು ತಮಗಿಂತ ಕಿರಿಯರೊಂದಿಗೆ ಹೇಗೆ ಮಾತನಾಡುತ್ತಾರೆ ಎಂದು ನೋಡು. ಆಮೇಲೂ ಅವರು ಹಿಡಿಸದಿದ್ದರೆ ಅದರಲ್ಲಿ ತಪ್ಪಿಲ್ಲ. ಮರುಪರಿಶೀಲನೆಯೆಂದರೆ ಎಲ್ಲರನ್ನೂ ಒಳ್ಳೆಯವರೆಂದು ಒಪ್ಪುವ ಕಟ್ಟುಪಾಡಲ್ಲ.

ಇಲ್ಲಿಗೇ ಮುಗಿಸಬೇಕೆಂದಿದ್ದೆ. ಆದರೆ ಬರೆಯುತ್ತ ಹೋದಂತೆ ಮನಸ್ಸು ನಿನ್ನ ಸಹೋದ್ಯೋಗಿಯನ್ನು ಬಿಟ್ಟು ನಮ್ಮಿಬ್ಬರ ಕಡೆಗೆ ತಿರುಗಿದೆ. ಮೊದಲ ಅಭಿಪ್ರಾಯ ಕೆಟ್ಟದ್ದಾಗಿದ್ದರೆ ಅದನ್ನು ಪ್ರಶ್ನಿಸಲು ನಮಗೆ ನ್ಯಾಯಪ್ರಜ್ಞೆ ಹೇಳುತ್ತದೆ. ಒಳ್ಳೆಯದಾಗಿದ್ದರೆ ಯಾರು ಪ್ರಶ್ನಿಸುತ್ತಾರೆ? ನೀನು ನನ್ನನ್ನು ಧೈರ್ಯವಂತನೆಂದು ಎಂದೋ ತೀರ್ಮಾನಿಸಿದೆ, ಯಾವ ದಿನವೆಂದು ನಿನಗೂ ಗೊತ್ತು. ಅಂದಿನಿಂದ ನಿನ್ನೆದುರು ನಾನು ಆ ಧೈರ್ಯವಂತನಾಗಿಯೇ ಇದ್ದೇನೆ. ನನಗೆ ಭಯವಾದ ದಿನಗಳಲ್ಲಿ ನಿನಗೆ ಪತ್ರ ಬರೆಯುವುದಿಲ್ಲ, ಗೆಳೆಯ. ಈ ವರ್ಷ ಅಂಥ ದಿನಗಳು ಕಡಿಮೆ ಇರಲಿಲ್ಲ. ನೀನು ಇನ್ನೊಮ್ಮೆ ನೋಡಿದರೆ ಏನು ಕಾಣುವೆಯೋ ಎಂಬ ಅಳುಕು ನನ್ನ ಮೌನದ ಹಿಂದಿತ್ತು. ನಿನ್ನನ್ನೂ ನಾನು ಸದಾ ನಗುವವನೆಂದೇ ಓದಿಕೊಂಡು ಬಂದಿದ್ದೇನೆ. ನಿನ್ನ ಪತ್ರಗಳಲ್ಲಿ ನಗುವಿಲ್ಲದ ಸಾಲುಗಳಿದ್ದವೇ ಎಂದು ನಿನ್ನೆ ರಾತ್ರಿ ಹಳೆಯ ಪತ್ರಗಳನ್ನು ತೆಗೆದು ನೋಡಿದೆ. ಇದ್ದವು.

ಇಷ್ಟು ಬರೆಯುವ ಉದ್ದೇಶ ಇರಲಿಲ್ಲ, ಅದೂ ಇಷ್ಟು ಜನರ ಮುಂದೆ. ಇರಲಿ, ಬರೆದದ್ದನ್ನು ಅಳಿಸುವುದಿಲ್ಲ. ಮುಂದಿನ ಪತ್ರದಲ್ಲಿ ನಿನ್ನ ಬಗ್ಗೆ ನನಗೆ ಗೊತ್ತಿಲ್ಲದ ಒಂದು ಸಂಗತಿಯನ್ನಾದರೂ ಬರೆ, ನಗುವಿನದ್ದೇ ಆಗಬೇಕೆಂದಿಲ್ಲ. ನಮ್ಮ ಹಳೆಯ ಛತ್ರಿ ಜಗಳದ ವಿಷಯ ಮಾತ್ರ ಬೇಡ. ಅದನ್ನು ಯಾವ ಬೆಳಕಿನಲ್ಲಿ ನೋಡಿದರೂ ನೀನೇ ಹೊಣೆ.

ಇತಿ,
ನಿನ್ನ ಗೆಳೆಯ