ನಟಿಗೆ ಮೊದಲು ಮಾನಿಟರ್ ಕೊಡಿ

ಮಾನ್ಯರೇ,

ಧಾರಾವಾಹಿಯಿಂದ ಸಿನಿಮಾಕ್ಕೆ ಹೋಗುವುದು ಹೊಸದಲ್ಲ. ರಾಧಿಕಾ ಪಂಡಿತ್ ಬಂದದ್ದೂ ಕಿರುತೆರೆಯಿಂದಲೇ. ಈಗ ನಟಿಯರು ಹಾಡಿಗೂ ಇಳಿದಿದ್ದಾರೆ, ಒಳ್ಳೆಯದೇ. ಆದರೆ ಕಾರವಾರ, ಶಿರಸಿ ಕಡೆಯ ಉತ್ಸವಗಳಲ್ಲಿ ಅವರನ್ನು ಕರೆಸುವವರು ಹಾಡಿನ ತಯಾರಿಗೂ ಸ್ವಲ್ಪ ಗಮನ ಕೊಡಬೇಕು.

ಸ್ಟುಡಿಯೋದಲ್ಲಿ ಒಂದೊಂದೇ ಸಾಲು ಹಾಡಿ, ಶ್ರುತಿ ತಿದ್ದಿಸಿಕೊಂಡದ್ದು ವೇದಿಕೆಯಲ್ಲಿ ಒಂದೇ ಸಲಕ್ಕೆ ಬರಬೇಕು. ಹಿನ್ನೆಲೆ ಟ್ರ್ಯಾಕ್ ಸಾಮಾನ್ಯವಾಗಿ ಮೂಲ ಗಾಯಕಿಯ ಶ್ರುತಿಯಲ್ಲಿರುತ್ತದೆ. ನಟಿಯ ಕಂಠಕ್ಕೆ ತಕ್ಕಂತೆ ಒಂದೆರಡು ಮನೆ (ಹಾರ್ಮೋನಿಯಂ ಕೀಲಿಯ ಲೆಕ್ಕದಲ್ಲಿ) ಇಳಿಸಿ ಮೊದಲೇ ತರಿಸಿಕೊಳ್ಳಿ. ತನ್ನ ದನಿ, ಟ್ರ್ಯಾಕ್ ತನಗೇ ಸರಿಯಾಗಿ ಕೇಳಲು ಆಕೆಯತ್ತ ಮುಖ ಮಾಡಿದ ಎರಡು ಮಾನಿಟರ್ ಸ್ಪೀಕರ್ ಬೇಕೇ ಬೇಕು. ಜನರತ್ತ ತಿರುಗಿದ ದೊಡ್ಡ ಸ್ಪೀಕರಿನ ಸದ್ದು ಅದರ ಹಿಂದೆ ನಿಂತು ಹಾಡುವವರಿಗೆ ಕಲಸಿಕೊಂಡು ಕೇಳುತ್ತದೆ, ಶ್ರುತಿ ಜಾರುತ್ತದೆ. ಬೈಸಿಕೊಳ್ಳುವವಳು ಮಾತ್ರ ನಟಿ: ‘ಸೀರಿಯಲ್‌ನವಳಿಗೆ ಹಾಡೆಲ್ಲಿ ಬರಬೇಕು!’

‘ನೀವೂ ಹಾಡಿ’ ಎಂದು ಮೈಕನ್ನು ಮುಂದಕ್ಕೆ ಬಗ್ಗಿಸಿದಾಗ ಅದು ಮಾನಿಟರಿಗೆ ಎದುರಾಗಿ ಕೀಂಯ್ ಎನ್ನುತ್ತದೆ. ಇದನ್ನು ಆಕೆಗೆ ಮುಂಚೆಯೇ ಹೇಳಬೇಕು. ಕಾರವಾರದ ಟ್ಯಾಗೋರ್ ಕಡಲತೀರದ ಸಂಜೆಗಾಳಿಗೆ ಮೈಕ್ ಗುರುಗುಡುತ್ತದೆ; ಫೋಮ್ ಟೊಪ್ಪಿ ಹಾಕಿದರೆ ಬಹಳಷ್ಟು ತಗ್ಗುತ್ತದೆ, ಖರ್ಚೂ ಹೆಚ್ಚಿಲ್ಲ.

ಜನ ಸೇರುವ ಮುನ್ನ ಒಂದು ಗಂಟೆ ಧ್ವನಿ ಪರೀಕ್ಷೆಗೆ ಬಿಡಿ. ಸನ್ಮಾನ, ಹಾರ-ತುರಾಯಿ ಆಮೇಲೂ ಆದೀತು.

– ಓದುಗರೊಬ್ಬರು, ಕಾರವಾರ