ಒಡೆಯದ ಲಕೋಟೆ

ವೆಲ್ಸ್ಲಿ, ಮ್ಯಾಸಚೂಸೆಟ್ಸ್

ತೀರ್ಥರೂಪ ಅಪ್ಪನಿಗೆ ದೊಡ್ಡ ಮಗಳ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ಅಮ್ಮನ ಕಾಗದ ನಿನ್ನೆ ಬಂತು. ಚಿಕ್ಕಪ್ಪನ ಮಂಡಿನೋವು, ಅಡಿಕೆಗೆ ಬಂದ ಕೊಳೆ, ಎಲ್ಲ ಓದಿದೆ.

ತಂಗಿ ಸುಮಿಯ ಎರಡನೇ ಕಾಗದವನ್ನೂ ನೀವು ಒಡೆಯದೆ ಪೋಸ್ಟಿನವರ ಕೈಲೇ ವಾಪಸು ಕಳಿಸಿದಿರಂತೆ. ಅವತ್ತಿನಿಂದ ಅಮ್ಮನಿಗೆ ಬಿ.ಪಿ. ಇಳಿದಿಲ್ಲವಂತೆ. ಫೋನಿನಲ್ಲಿ ಈ ಮಾತು ತೆಗೆದರೆ ನೀವು ಅಮ್ಮನ ಕೈಗೆ ಕೊಟ್ಟು ತೋಟದ ಕಡೆ ಹೋಗಿಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಕಾಗದವನ್ನಾದರೂ ಒಡೆಯುತ್ತೀರಿ ಅಂತ ನಂಬಿದ್ದೇನೆ.

ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ, 1875ರಿಂದ ನಡೆಯುತ್ತಿರುವ ಹೆಣ್ಣುಮಕ್ಕಳ ಕಾಲೇಜಿದೆ. ಅಲ್ಲಿ ಲಂಡನ್ನಿನ ಒಂದು ಮನೆಯ ಮುಂಬಾಗಿಲನ್ನು ತಂದಿಟ್ಟುಕೊಂಡಿದ್ದಾರೆ. ಮನೆಯಿಲ್ಲ, ಬಾಗಿಲು ಮಾತ್ರ! ವ್ಯಾಲೆಂಟೈನ್ ದಿನ ಹುಡುಗಿಯರು ಅದರ ಕಿಂಡಿಯೊಳಗೆ ಪತ್ರ ಹಾಕುತ್ತಾರೆ. ಅಜ್ಜನ ಮನೆಯ ಬಾಗಿಲವಾಡವನ್ನು ನೀವು ಅಟ್ಟದ ಮೇಲೆ ಜೋಪಾನ ಮಾಡಿದ್ದೀರಲ್ಲ, ನನಗೆ ಅದೇ ನೆನಪಾಯಿತು.

ಅದು ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಎಂಬ ಕವಯಿತ್ರಿಯ ಮನೆಯ ಬಾಗಿಲು, ವಿಂಪೋಲ್ ಬೀದಿಯ 50ನೇ ನಂಬರಿನದು. ನೀವು ಸುಮಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಕಿಂದರಿಜೋಗಿ ಹಾಡುತ್ತಿದ್ದಿರಿ. ಕುವೆಂಪು ಅವರಿಗೆ ಆ ಕಥೆ ಸಿಕ್ಕಿದ್ದು ಬ್ರೌನಿಂಗ್ ಕವಿಯ ಪದ್ಯದಿಂದ. ಅದೇ ರಾಬರ್ಟ್ ಬ್ರೌನಿಂಗ್ ಇವಳ ಪದ್ಯ ಓದಿ ಮೆಚ್ಚಿ 1845ರ ಜನವರಿ 10ರಂದು ಮೊದಲ ಕಾಗದ ಬರೆದ. ಆಗ ಅವನಿಗಿಂತ ಇವಳದೇ ದೊಡ್ಡ ಹೆಸರು. ಗಣಿ, ಕಾರ್ಖಾನೆಗಳಲ್ಲಿ ದುಡಿಯುವ ಎಳೆಯ ಮಕ್ಕಳ ಗೋಳನ್ನು 1843ರಲ್ಲೇ ಪದ್ಯವಾಗಿಸಿದವಳು. ಆದರೆ ಸದಾ ಕಾಯಿಲೆ, ಅಫೀಮಿನ ಔಷಧಿ, ಕೋಣೆ ಬಿಟ್ಟು ಹೊರಗೆ ಬರುವುದೇ ಅಪರೂಪ. ಇಪ್ಪತ್ತು ತಿಂಗಳಲ್ಲಿ ಇಬ್ಬರೂ ಬರೆದುಕೊಂಡ 573 ಕಾಗದಗಳು ಈ ಕಾಲೇಜಿನಲ್ಲಿವೆ.

ಅವಳ ಅಪ್ಪ ಕೆಟ್ಟವರೇನಲ್ಲ. ಮಗಳಿಗೆ ಹದಿನಾಲ್ಕು ತುಂಬಿದಾಗ ಅವಳ ಕಾವ್ಯವನ್ನು ಸ್ವಂತ ಖರ್ಚಿನಲ್ಲಿ 50 ಪ್ರತಿ ಅಚ್ಚು ಹಾಕಿಸಿದವರು. ಸುಮಿಯ ಮೊದಲ ಕಥೆ ಪತ್ರಿಕೆಯಲ್ಲಿ ಬಂದಾಗ ನೀವು ಹತ್ತು ಪ್ರತಿ ಕೊಂಡು ನೆಂಟರಿಗೆಲ್ಲ ಹಂಚಿದ್ದು ನನಗೆ ಮರೆತಿಲ್ಲ. ಆದರೆ ಅವರದು ಒಂದೇ ಹಟ, ಮಕ್ಕಳು ಯಾರೂ ಮದುವೆಯಾಗಬಾರದು. ನಲವತ್ತರ ಮಗಳು 1846ರ ಸೆಪ್ಟೆಂಬರ್ 12ರಂದು ಗುಟ್ಟಾಗಿ ಚರ್ಚಿನಲ್ಲಿ ಮದುವೆಯಾಗಿ, ಏನೂ ಆಗದವಳಂತೆ ಮನೆಗೆ ಬಂದಳು. ವಾರ ಕಳೆದು, ಕೆಲಸದಾಕೆಯನ್ನೂ ಸಾಕಿದ ನಾಯಿಯನ್ನೂ ಕರೆದುಕೊಂಡು ಗಂಡನೊಂದಿಗೆ ಇಟಲಿಗೆ ಹೊರಟಳು.

ಅಲ್ಲಿ ಚೇತರಿಸಿಕೊಂಡಳು ಅಪ್ಪ. ಫ್ಲಾರೆನ್ಸಿನಲ್ಲಿ ನಲವತ್ತಮೂರಕ್ಕೆ ಗಂಡುಮಗು ಹೆತ್ತಳು. ಗಂಡನ ಮೇಲಿನ ಪ್ರೀತಿಯನ್ನು ಬಗೆಬಗೆಯಾಗಿ ಎಣಿಸುವ ಅವಳ ಸಾನೆಟ್ಟು ಇವತ್ತಿಗೂ ಇಲ್ಲಿನ ಮದುವೆಗಳಲ್ಲಿ ಓದುತ್ತಾರೆ. 1850ರಲ್ಲಿ ಇಂಗ್ಲೆಂಡಿನ ಆಸ್ಥಾನಕವಿಯ ಪಟ್ಟಕ್ಕೂ ಅವಳ ಹೆಸರು ಕೇಳಿಬಂದಿತ್ತು, ಹೆಣ್ಣೊಬ್ಬಳ ಹೆಸರು, ಆ ಕಾಲದಲ್ಲಿ!

ಅಪ್ಪನಿಗೆ ಬರೆಯುತ್ತಲೇ ಇದ್ದಳು. ಅವರು ಒಂದನ್ನೂ ಒಡೆಯಲಿಲ್ಲ. ಕೊನೆಗೆ ಅಷ್ಟನ್ನೂ ಅರಗಿನ ಮುದ್ರೆಯ ಸಮೇತ ವಾಪಸು ಕಳಿಸಿದರು. 1857ರಲ್ಲಿ ಮುನಿಸಿಕೊಂಡೇ ತೀರಿಕೊಂಡರು. ನಾಲ್ಕು ವರ್ಷಕ್ಕೆ ಅವಳೂ ಹೋದಳು. ಗಂಡನಿಗೆ ಬರೆದ ಕಾಗದಗಳನ್ನು ಈಗ ಯಾರು ಬೇಕಾದರೂ ಓದಬಹುದು. ಅಪ್ಪನಿಗೆ ಬರೆದವನ್ನು ಅಪ್ಪನೇ ಓದಲಿಲ್ಲ. ಬಾಗಿಲ ಮುಂದೆ ನಿಂತು ಅಳು ತಡೆಯಲಾಗಲಿಲ್ಲ.

ನಿಮ್ಮನ್ನು ಅವರಿಗೆ ಹೋಲಿಸುತ್ತಿಲ್ಲ. ನಮ್ಮಿಬ್ಬರನ್ನೂ ಸಾಲ ಮಾಡಿ ಓದಿಸಿದವರು ನೀವು. ಸುಮಿ ಹೇಳದೆ ರಿಜಿಸ್ಟರ್ ಮದುವೆಯಾದದ್ದು ಸರಿ ಅಂತಲೂ ನಾನು ಹೇಳುವುದಿಲ್ಲ. ನನಗೂ ಹೇಳಲಿಲ್ಲವಲ್ಲ, ಆ ನೋವು ನನಗೂ ಇದೆ. ನೀವು ಉತ್ತರ ಬರೆಯಬೇಡಿ, ಅಳಿಯನನ್ನು ಒಳಗೆ ಕರೆಯಬೇಡಿ, ಅದು ನಿಮ್ಮ ಇಷ್ಟ. ಅವಳು ಬರೆದದ್ದನ್ನು ಒಮ್ಮೆ ಓದಿ. ಅಷ್ಟೇ ಕೇಳುವುದು.

ನಮ್ಮ ಬಗ್ಗೆ ಏನೇನೂ ಚಿಂತೆ ಬೇಡ. ಹಿಮ ಬಿದ್ದರೂ ಮನೆಯೊಳಗೆ ಬೆಚ್ಚಗಿರುತ್ತದೆ. ನನ್ನ ಕೆಮ್ಮು ಪೂರ್ತಿ ವಾಸಿ, ನಿಜವಾಗಿಯೂ ವಾಸಿ. ಇವರ ಕೆಲಸಕ್ಕೂ ಏನೂ ತೊಂದರೆಯಿಲ್ಲ, ಯಾರಾದರೂ ಏನಾದರೂ ಹೇಳಿದರೆ ನಂಬಬೇಡಿ. ಅಕ್ಕಿ, ತೊಗರಿಬೇಳೆ, ಅಪ್ಪೆಮಿಡಿ ಉಪ್ಪಿನಕಾಯಿ ಕೂಡ ಸಿಗುತ್ತದೆ. ಅಮ್ಮ ಮಾತ್ರೆ ತಪ್ಪಿಸದಂತೆ ನೀವೇ ನೋಡಿಕೊಳ್ಳಿ.

ಪೋಸ್ಟಾಫೀಸು ಮುಚ್ಚುವ ಹೊತ್ತಾಯಿತು, ಇವರು ಕಾರಿನಲ್ಲಿ ಕಾಯುತ್ತಿದ್ದಾರೆ. ಸುಮಿ ಮೂರನೇ ಕಾಗದ ಹಾಕುತ್ತಾಳೆ, ನಾನೇ ಬರೆ ಅಂದೆ. ನೀಲಿ ಲಕೋಟೆ. ಅಜ್ಜಿಗೆ ನಮಸ್ಕಾರ.

ನಿಮ್ಮ ಮಗಳು