ಆ ಆರು ನೋಟ್‌ಬುಕ್ ಬರೆದುಕೊಟ್ಟ ಮಕ್ಕಳಿಗೆ

ನನ್ನ ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಮೊದಲ ಸಂಬಳ ಕೈಗೆ ಬಂದ ಸಂಜೆ ಫೋನ್ ಮಾಡಿ, “ಅಮ್ಮ, ಆ ಮಕ್ಕಳಿಗೆ ವಿಷಯ ತಿಳಿಸಬೇಕಲ್ಲ” ಎಂದಳು. ಯಾವ ಮಕ್ಕಳು ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ‘ಆ ಮಕ್ಕಳು’ ಎಂದರೆ 2018ರ ಆಗಸ್ಟ್‌ನಲ್ಲಿ ಸಂಪಾಜೆ ಕಡೆಯ ಪರಿಹಾರ ಕೇಂದ್ರಕ್ಕೆ ಬರುತ್ತಿದ್ದ ಹೈಸ್ಕೂಲು ಮಕ್ಕಳು. ಇಷ್ಟು ವರ್ಷ ಬಾಯಿತುದಿಯಲ್ಲೇ ಉಳಿದಿದ್ದ ಮಾತನ್ನು ಅವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾವು ಕೊಡಗಿನ ಜೋಡುಪಾಲದವರು. ಆಗಸ್ಟ್ 17ರಂದು ಗುಡ್ಡ ಜರಿದು ಕೆಸರು, ಬಂಡೆ, ಬುಡಮೇಲಾದ ಮರಗಳು ಒಟ್ಟಿಗೆ ಇಳಿದು ಬಂದವು. ಆ ದಿನದ ಬಗ್ಗೆ ಪತ್ರಿಕೆಗಳು ಬೇಕಾದಷ್ಟು ಬರೆದಿವೆ; ನನಗೆ ಅದನ್ನು ಮತ್ತೆ ಹೇಳುವ ಶಕ್ತಿ ಇಲ್ಲ. ಉಟ್ಟ ಬಟ್ಟೆಯಲ್ಲಿ, ಅತ್ತೆಯನ್ನು ಬೆನ್ನ ಮೇಲೆ ಹೊತ್ತುಕೊಂಡು, ಸಂಪಾಜೆಯ ಕಡೆಗೆ ನಡೆದೆವು. ಮಡಿಕೇರಿ ರಸ್ತೆ ಕಡಿದು ಹೋಗಿತ್ತು. ಮಗಳು ಆಗ ಎಸ್ಸೆಸ್ಸೆಲ್ಸಿ. ಅವಳ ಶಾಲೆ ಕುಸಿದ ರಸ್ತೆಯ ಆಚೆಗೆ, ಪುಸ್ತಕಗಳು ಮಣ್ಣಿನ ಅಡಿಗೆ.

ಕೇಂದ್ರದಲ್ಲಿ ಊಟಕ್ಕೆ ಕೊರತೆ ಇರಲಿಲ್ಲ. ಆ ದಿನಗಳಲ್ಲಿ ಜಿಲ್ಲೆಜಿಲ್ಲೆಗಳಿಂದ ಲಾರಿಗಳು ಬಂದವು, ಕೊಟ್ಟವರೆಲ್ಲರಿಗೂ ನಾನು ಋಣಿ. ಆದರೆ ಬಂದ ಬಟ್ಟೆಯ ಗಂಟುಗಳಲ್ಲಿ ಹರಿದವು, ಕಲೆಯಾದವು, ಗುಂಡಿ ಕಿತ್ತವು ಎಷ್ಟೋ ಇದ್ದವು. ಮನೆ ಕಳೆದುಕೊಂಡವರಿಗೆ ಮಾನವೂ ಕಳೆದುಹೋಗಿರುತ್ತದೆ ಎಂದು ಕೆಲವರು ತಿಳಿದಂತಿತ್ತು. ಎರಡನೆಯ ದಿನ, ಶನಿವಾರ, ಸ್ಕೌಟ್ಸ್ ಮತ್ತು ಗೈಡ್ಸ್‌ನ ಮಕ್ಕಳು ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು ಬಂದು ಆ ಗಂಟುಗಳ ಮುಂದೆ ಕುಳಿತರು. ಮೂಲೆಯ ಕೊಠಡಿಯೊಂದರಲ್ಲಿ ಬಾಗಿಲು ಅರ್ಧ ಮುಚ್ಚಿಕೊಂಡು, ಹರಿದದ್ದನ್ನೆಲ್ಲ ಬೇರೆ ತೆಗೆದು, ಉಳಿದದ್ದನ್ನು ಅಳತೆಯ ಪ್ರಕಾರ ಮಡಚಿ, ರಟ್ಟಿನ ಪೆಟ್ಟಿಗೆಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟರು. ಹರಿದ ಬಟ್ಟೆ ನಮ್ಮ ಕಣ್ಣಿಗೆ ಬೀಳದಂತೆ ಹಿಂಬಾಗಿಲಿನಿಂದ ಸಾಗಿಸಿದರು. ನಾನು ನೀರಿಗೆ ಹೋದವಳು ಅಕಸ್ಮಾತ್ ನೋಡಿದೆ. ಹದಿನಾಲ್ಕು ವರ್ಷದ ಮಕ್ಕಳಿಗೆ ಅಷ್ಟು ಸೂಕ್ಷ್ಮವನ್ನು ಯಾರು ಕಲಿಸಿದರೋ, ಅವರ ಮನೆ ತಣ್ಣಗಿರಲಿ. ಅವರಲ್ಲೇ ಒಬ್ಬ ಹುಡುಗಿ ಹೆಂಗಸರ ಕೊಠಡಿಗೆ ಬಂದು, ಪತ್ರಿಕೆಯಲ್ಲಿ ಸುತ್ತಿದ ಸ್ಯಾನಿಟರಿ ಪ್ಯಾಡ್‌ಗಳನ್ನು ಚಾಪೆಗಳ ಅಂಚಿಗೆ ಒಂದೊಂದಾಗಿ ಇಟ್ಟು ಹೋದಳು. ಎರಡು ದಿನದಿಂದ ನಾವು ಯಾರಲ್ಲೂ ಕೇಳಲಾಗದೆ ಇದ್ದದ್ದು ಅದು.

ಭಾನುವಾರ ಚರ್ಚಿನ ಪೂಜೆ ಮುಗಿಸಿ ವೈಸಿಎಸ್ ಎಂಬ ಕ್ರೈಸ್ತ ವಿದ್ಯಾರ್ಥಿ ಸಂಘಟನೆಯ ಮಕ್ಕಳು ಬಂದರು. ಕೈಯಲ್ಲಿ ಏನೂ ಇರಲಿಲ್ಲ, ಒಂದು ನೋಟ್‌ಬುಕ್ ಮತ್ತು ಪೆನ್ನು ಬಿಟ್ಟರೆ. ಒಬ್ಬೊಬ್ಬರ ಪಕ್ಕದಲ್ಲಿ ಕುಳಿತು ಏನು ಬೇಕು ಎಂದು ಕೇಳುತ್ತಾ ಬಂದರು. ನಿಜ ಹೇಳುತ್ತೇನೆ, ನನಗೆ ಸಿಟ್ಟು ಬಂತು. ಎಲ್ಲ ಹೋದವರನ್ನು ಏನು ಬೇಕು ಎಂದು ಕೇಳಿದರೆ ಏನು ಹೇಳುವುದು? ನನ್ನ ಅತ್ತೆ ಮಾತ್ರ ಹಿಂದೆಮುಂದೆ ನೋಡದೆ, “ಎಲೆ, ಅಡಿಕೆ, ಸುಣ್ಣ” ಎಂದರು. ತೋಟದ ತುಂಬ ಅಡಿಕೆ ಇದ್ದ ಮನೆಯ ಹಿರಿಯಾಕೆ ಒಂದು ಹೋಳು ಅಡಿಕೆಗೆ ಕೈಯೊಡ್ಡಿದ್ದನ್ನು ಕೇಳಿ ನನಗೆ ತಲೆ ಎತ್ತಲಾಗಲಿಲ್ಲ. ಹುಡುಗ ನಗಲಿಲ್ಲ. “ಹಸಿ ಅಡಿಕೆಯೋ ಒಣಗಿದ್ದೋ ಅಜ್ಜಿ?” ಎಂದು ಕೇಳಿ ಬರೆದುಕೊಂಡ. ಮರುದಿನ ಬಾಳೆಲೆಯಲ್ಲಿ ಸುತ್ತಿದ ವೀಳ್ಯದೆಲೆ, ಒಣ ಅಡಿಕೆ, ಸಣ್ಣ ಡಬ್ಬಿಯಲ್ಲಿ ಸುಣ್ಣ ಬಂತು. ಅತ್ತೆ ಮೂರು ದಿನಗಳಲ್ಲಿ ಮೊದಲ ಬಾರಿಗೆ ಗೋಡೆಗೆ ಒರಗಿ ಕಾಲು ಚಾಚಿ ಕುಳಿತರು.

ಅವರ ಜೊತೆ ಬಂದಿದ್ದ ಟೀಚರ್ ನನಗೆ ಆಮೇಲೆ ಹೇಳಿದರು: ಅವರ ಸಂಘಟನೆಯಲ್ಲಿ ಮೂರು ಮೆಟ್ಟಿಲುಗಳಂತೆ. ಮೊದಲು ನೋಡು, ಬಳಿಕ ವಿವೇಚಿಸು, ಆಮೇಲೆ ಕೈ ಹಾಕು. ಬೆಲ್ಜಿಯಂನ ಕಾರ್ಡೈನ್ ಎಂಬ ಪಾದ್ರಿ ಕಾರ್ಮಿಕ ಹುಡುಗರ ನಡುವೆ ಕೆಲಸ ಮಾಡುತ್ತಾ ರೂಪಿಸಿದ ಕ್ರಮವಂತೆ ಅದು. ಬರಿಗೈಯಲ್ಲಿ ಬಂದ ಮಕ್ಕಳ ಮೇಲೆ ಮುನಿದದ್ದಕ್ಕೆ ನಾನು ಇಂದು ಕ್ಷಮೆ ಕೇಳುತ್ತೇನೆ. ತಂದು ಸುರಿದು ಹೋದವರು ಬಹಳ. ಕೇಳಿ ತಂದವರು ನೀವು.

22ರಂದು ಬಕ್ರೀದ್. ಅಂದು ಯಾರೂ ಬರಲಾರರು ಎಂದುಕೊಂಡಿದ್ದೆವು. ನಮಾಜು ಮುಗಿಸಿ ಮದರಸದ ಹುಡುಗರು ಹಬ್ಬದ ಹೊಸ ಅಂಗಿಯಲ್ಲೇ ಬಂದರು, ಕೇಂದ್ರದ ಹಿಂದೆ ಕಟ್ಟಿಕೊಂಡಿದ್ದ ಚರಂಡಿಯ ಹೂಳು ತೆಗೆದರು. ಸಂಜೆ ಹೋಗುವಾಗ ಬಿಳಿ ಅಂಗಿಗಳು ನಮ್ಮ ತೋಟದ ಬಣ್ಣಕ್ಕೆ ತಿರುಗಿದ್ದವು.

ಇನ್ನು ನೋಟ್‌ಬುಕ್‌ಗಳ ವಿಷಯ. ಸುಳ್ಯದ ಕಡೆಯ ಒಂದು ಶಾಲೆಯ ಇಂಟರಾಕ್ಟ್ ಕ್ಲಬ್‌ನ ಮಕ್ಕಳು ಪ್ರತಿ ವಾರ ಬರುತ್ತಿದ್ದರು. ಇಂಟರಾಕ್ಟ್ ಎಂದರೆ ರೋಟರಿಯವರು 12ರಿಂದ 18 ವರ್ಷದವರಿಗೆಂದು 1962ರಲ್ಲಿ ಆರಂಭಿಸಿದ್ದು ಎಂದು ಅವರೇ ಹೇಳಿದ್ದರು. ಎದೆಯ ಮೇಲೆ ಸಣ್ಣ ಬ್ಯಾಡ್ಜ್ ಇರುತ್ತಿತ್ತು. ನನ್ನ ಮಗಳು ಯಾರೊಡನೆಯೂ ಮಾತನಾಡದೆ ಕಿಟಕಿಯ ಬಳಿ ಕುಳಿತಿರುತ್ತಿದ್ದಳು. ಶಾಲೆ ಬಿಡುತ್ತೇನೆ ಎಂದು ನನ್ನಲ್ಲಿ ಹೇಳಿಯಾಗಿತ್ತು. ಅದು ಆ ಮಕ್ಕಳಿಗೆ ಹೇಗೆ ತಿಳಿಯಿತೋ ಗೊತ್ತಿಲ್ಲ. ಅವರೂ ಹತ್ತನೆಯ ತರಗತಿಯವರೇ. ಸೆಪ್ಟೆಂಬರ್ ಮೊದಲ ವಾರ ಆರು ನೋಟ್‌ಬುಕ್ ತಂದು ಅವಳ ಮುಂದೆ ಇಟ್ಟರು: ಕನ್ನಡ, ಇಂಗ್ಲಿಷ್, ಹಿಂದಿ, ಗಣಿತ, ವಿಜ್ಞಾನ, ಸಮಾಜ. ಜೂನ್‌ನಿಂದ ಅಂದಿನವರೆಗಿನ ಪಾಠವೆಲ್ಲ ಕೈಯಲ್ಲಿ ಬರೆದದ್ದು. ಜೆರಾಕ್ಸ್ ಮಾಡಿಸಬಹುದಿತ್ತು. “ಜೆರಾಕ್ಸ್ ಆದರೆ ಅವಳು ಓದುವುದಿಲ್ಲ ಅಮ್ಮ, ಬರೆದುಕೊಟ್ಟರೆ ಓದುತ್ತಾಳೆ” ಎಂದ ಒಬ್ಬ ಹುಡುಗ. ಎಷ್ಟು ನಿಜ ಆ ಮಾತು.

ಆ ಪುಸ್ತಕಗಳನ್ನು ಈಗಲೂ ಕೈಯಲ್ಲಿ ಹಿಡಿದು ನೋಡುತ್ತೇನೆ. ಒಂದೇ ಪುಸ್ತಕದಲ್ಲಿ ಮೂರು ನಾಲ್ಕು ಬಗೆಯ ಅಕ್ಷರ. ಗಣಿತದಲ್ಲಿ ಒಂದು ಲೆಕ್ಕ ತಪ್ಪಿ ಹೊಡೆದು ಹಾಕಿ, ಪಕ್ಕದಲ್ಲಿ “ಇದನ್ನು ನೋಡಬೇಡ, ಮುಂದಿನ ಪುಟ ಸರಿ” ಎಂದು ಬರೆದಿದೆ. ವಿಜ್ಞಾನದಲ್ಲಿ ಹೃದಯದ ಚಿತ್ರ. ಎಡಕ್ಕೆ ಕೆಂಪು, ಬಲಕ್ಕೆ ನೀಲಿ, ರಕ್ತ ಹರಿಯುವ ದಾರಿಗೆ ಸಣ್ಣ ಸಣ್ಣ ಬಾಣಗಳು. ಹೆಸರು ಬರೆದ ಗೆರೆಗಳೆಲ್ಲ ಸ್ಕೇಲ್ ಇಟ್ಟು ಎಳೆದವು. ಬೇರೆಯವರ ಪುಸ್ತಕಕ್ಕೆ, ಅಂಕ ಸಿಗದ ಚಿತ್ರಕ್ಕೆ, ಸ್ಕೇಲ್ ಇಟ್ಟು ಗೆರೆ ಎಳೆದವರು ಯಾರು? ಮಗಳು ಆ ರಾತ್ರಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದಳು. ಸೋಮವಾರ ಹತ್ತಿರದ ಶಾಲೆಗೆ ಸೇರಿಸು ಎಂದಳು. 2019ರಲ್ಲಿ ಪರೀಕ್ಷೆ ಬರೆದು ಪಾಸಾದಳು.

ಸೆಪ್ಟೆಂಬರ್ 8ರಂದು ಮೊಂತಿ ಹಬ್ಬ, ಮೇರಿ ಮಾತೆಯ ಹುಟ್ಟುಹಬ್ಬ ಮತ್ತು ಹೊಸ ತೆನೆಯ ಹಬ್ಬ. ಅಂದು ವೈಸಿಎಸ್ ಮಕ್ಕಳು ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಗಳನ್ನು ತಂದಿದ್ದರು. ಅವರಲ್ಲಿ ಆ ಕಾಳನ್ನು ಪಾಯಸಕ್ಕೋ ಹಾಲಿಗೋ ಬೆರೆಸಿ ಮನೆಮಂದಿಯೆಲ್ಲ ಜೊತೆಗೆ ಕುಳಿತು ಉಣ್ಣುವ ಪದ್ಧತಿ. ನಮ್ಮಲ್ಲೂ ತೆನೆ ಕಟ್ಟುವುದಿದೆ, ಹೊಸಕ್ಕಿ ಊಟವಿದೆ. “ನಿಮಗೆ ಬೇಕಾದರೆ ಮಾತ್ರ ತೆಗೆದುಕೊಳ್ಳಿ” ಎಂದು ಕೇಳಿ ಕೊಟ್ಟರು. ಕಟ್ಟಲು ನಮಗೆ ಬಾಗಿಲು ಇರಲಿಲ್ಲ. ಅತ್ತೆ ಎರಡೂ ಕೈ ಚಾಚಿ ತೆಗೆದುಕೊಂಡು, ನಾವಿದ್ದ ಕೇಂದ್ರದ ಕಿಟಕಿಯ ಸರಳಿಗೆ ಬಾಳೆನಾರಿನಲ್ಲಿ ಕಟ್ಟಿದರು.

ಅತ್ತೆ ಈಗ ಇಲ್ಲ. ಕೊನೆಯವರೆಗೂ ‘ಸುಣ್ಣ ತಂದ ಹುಡುಗ’ನನ್ನು ನೆನೆಯುತ್ತಿದ್ದರು.

ಮಕ್ಕಳೇ, ನೀವೂ ಈಗ ಇಪ್ಪತ್ತು ದಾಟಿ ಎಲ್ಲೆಲ್ಲೋ ಕೆಲಸದಲ್ಲಿರುತ್ತೀರಿ. ನಿಮಗೆ, ನಿಮ್ಮನ್ನು ಮಳೆಯಲ್ಲಿ ಕಳುಹಿಸಿಕೊಟ್ಟ ತಾಯಿ ತಂದೆಯರಿಗೆ, ಫೋಟೊ ತೆಗೆಯಬೇಡಿ ಎಂದು ನಿಮಗೆ ಹೇಳಿಕೊಟ್ಟ ಟೀಚರುಗಳಿಗೆ ನನ್ನ ಮನೆಯವರೆಲ್ಲರ ನಮಸ್ಕಾರ. ವಿಜ್ಞಾನದ ನೋಟ್‌ಬುಕ್ ಮಗಳ ಜೊತೆ ಮಂಗಳೂರಿನ ಹಾಸ್ಟೆಲ್‌ನಲ್ಲಿದೆ, ಉಳಿದ ಐದು ನನ್ನ ಕಪಾಟಿನಲ್ಲಿ. ಹೃದಯದ ಚಿತ್ರ ಬರೆದವರು ಇದನ್ನು ಓದಿದರೆ ದಯವಿಟ್ಟು ತಿಳಿಸಿ. ಸಂಪಾಜೆಯ ಕಡೆ ಬಂದಾಗ ಮನೆಗೆ ಬನ್ನಿ. ಈ ಬಾರಿ ಬಾಗಿಲಿಗೆ ತೆನೆ ಕಟ್ಟಿದ್ದೇವೆ.